ಗೋವಕ್ಕಿಯಿಂದ ಎಮ್ಮೆಗೇನು ಲಾಭ?

ಪ್ರಶ್ನೆ: ನಮ್ಮಲ್ಲಿ ನಾಲ್ಕು ಎಮ್ಮೆ, ಎರಡು ಹಸು ಇವೆ. ಬ್ಯಾಣಕ್ಕೆ (ಹುಲ್ಲುಗಾವಲಿಗೆ) ಬಿಟ್ಟ ಕೂಡಲೇ ಬಿಳಿ ಹಕ್ಕಿಗಳು ಬಂದು ಅವುಗಳ ಕಾಲ ಬಳಿಯೇ ಓಡಾಡುತ್ತವೆ. ದ್ವಿತೀಯ ಪಿಯುಸಿ ಓದುತ್ತಿರುವ ಮಗಳು ಇದಕ್ಕೆ ‘ಸಹಭೋಜಿತ್ವ’ ಎನ್ನುತ್ತಾರೆ, ಹಕ್ಕಿಗೆ ಲಾಭ, ದನಕ್ಕೆ ಲಾಭವೂ ಇಲ್ಲ ನಷ್ಟವೂ ಇಲ್ಲ ಎಂದು ಹೇಳುತ್ತಾಳೆ. ನಮ್ಮ ಅಪ್ಪಯ್ಯ ಒಪ್ಪುವುದಿಲ್ಲ. ಹಕ್ಕಿ ಉಣುಗು (ಉಣ್ಣೆ) ಹೆಕ್ಕುತ್ತದೆ, ಅದಕ್ಕೇ ಎಮ್ಮೆ ಸುಮ್ಮನೆ ನಿಲ್ಲುತ್ತದೆ, ಲಾಭವಿಲ್ಲದೆ ಯಾರು ಯಾರನ್ನು ಹತ್ತಿರ ಬಿಟ್ಟುಕೊಳ್ಳುತ್ತಾರೆ ಎನ್ನುವುದು ಅವರ ವಾದ. ಯಾರು ಸರಿ? ಇನ್ನೊಂದು ವಿಷಯ. ಮಾವಿನ ಮರದ ಮೇಲೆ ಬೆಳೆಯುವ ಆರ್ಕಿಡ್‌ನಿಂದಲೂ ಮರಕ್ಕೆ ತೊಂದರೆಯಿಲ್ಲ ಎಂದು ಅದೇ ಪಾಠದಲ್ಲಿದೆಯಂತೆ. ನಮ್ಮ ಹಿತ್ತಲಿನ ಮಾವಿನ ಮೇಲೆ ಬೆಳೆದಿರುವುದನ್ನೆಲ್ಲ ಈ ಬೇಸಿಗೆಯಲ್ಲಿ ಕೀಳಿಸಬೇಕೆಂದಿದ್ದೆ. ಬಿಡಬಹುದೇ?
– ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: ಮೊದಲು ಪರೀಕ್ಷೆಯ ಮಾತು ಮುಗಿಸಿಬಿಡುತ್ತೇನೆ. ನಿಮ್ಮ ಮಗಳು ಪಾಠದಲ್ಲಿ ಇರುವಂತೆಯೇ ಬರೆಯಲಿ. ಮೌಲ್ಯಮಾಪಕರ ಕೈಯಲ್ಲಿರುವ ಮಾದರಿ ಉತ್ತರದಲ್ಲಿ ಅದೇ ಇರುತ್ತದೆ, ಅಂಕವೂ ಅದಕ್ಕೇ. ಇಲ್ಲಿಂದ ಮುಂದಿನದನ್ನು ಪರೀಕ್ಷೆ ಮುಗಿಸಿ ಬಂದ ಮೇಲೆ ಓದಿದರೆ ಒಳ್ಳೆಯದು.

ಅಪ್ಪಯ್ಯನವರು ಹೇಳಿದ್ದರಲ್ಲಿ ಹಕ್ಕಿಯ ಬಗ್ಗೆ ಅರ್ಧ ತಪ್ಪಿದೆ. ಆದರೆ ಕೊನೆಯಲ್ಲಿ ಅವರು ಕೇಳಿದ ಪ್ರಶ್ನೆಯಿದೆಯಲ್ಲ, ಅದು ಪಾಠಕ್ಕಿಂತ ಆಳವಾದದ್ದು.

ಪದದಿಂದಲೇ ಶುರುಮಾಡೋಣ. 1870ರ ದಶಕದಲ್ಲಿ ಬೆಲ್ಜಿಯಂ ದೇಶದ ಪ್ರಾಣಿಶಾಸ್ತ್ರಜ್ಞ ಪಿಯರ್ ಜೋಸೆಫ್ ವಾನ್ ಬೆನೆಡೆನ್ ಪ್ರಾಣಿಗಳ ನಡುವಿನ ಸಂಬಂಧಗಳನ್ನು ವಿಂಗಡಿಸಲು ಹೊರಟಾಗ, ಇನ್ನೊಂದು ಜೀವಿಯನ್ನು ಆಶ್ರಯಿಸಿಯೂ ಅದರ ರಕ್ತಮಾಂಸಕ್ಕೆ ಬಾಯಿ ಹಾಕದ ಜೀವಿಗಳಿಗೆ ‘ಕಾಮೆನ್ಸಲ್’ ಎಂಬ ಹೆಸರನ್ನು ಬಳಸಿದರು. ಲ್ಯಾಟಿನ್‌ನಲ್ಲಿ ‘ಮೆನ್ಸಾ’ ಎಂದರೆ ಊಟದ ಮೇಜು. ಅಂದರೆ ಒಂದೇ ಪಂಕ್ತಿಯಲ್ಲಿ ಕುಳಿತವರು. ನಾವು ಅದನ್ನು ಸಹಭೋಜಿತ್ವ ಎಂದು ಕನ್ನಡಕ್ಕೆ ತಂದುಕೊಂಡೆವು. ನಮ್ಮಲ್ಲಿ ಸಹಭೋಜನ ಎಂದರೆ ಜಾತಿಯ ಗೆರೆ ದಾಟಿ ಒಟ್ಟಿಗೆ ಕೂತು ಉಣ್ಣುವುದು. ಅಲ್ಲಿ ಎಲ್ಲರ ಎಲೆಗೂ ಅದೇ ಅನ್ನ. ಇಲ್ಲಿ ಹಾಗಲ್ಲ. ಎಮ್ಮೆ ಮೇಯುವುದು ಹುಲ್ಲನ್ನು, ಹಕ್ಕಿ ತಿನ್ನುವುದು ಆ ಹುಲ್ಲಿನಲ್ಲಿ ಅಡಗಿದ್ದ ಮಿಡತೆಯನ್ನು. ಪಂಕ್ತಿ ಒಂದು, ಬಡಿಸಿದ್ದು ಬೇರೆ ಬೇರೆ. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ಎಂಬ ಗಾದೆ ಈ ಸಂಬಂಧಕ್ಕೆ ಪಾರಿಭಾಷಿಕ ಪದಕ್ಕಿಂತ ಚೆನ್ನಾಗಿ ಹೊಂದುತ್ತದೆ ಎಂದು ನನಗೆ ಬಹಳ ದಿನಗಳಿಂದ ಅನಿಸಿದೆ. ಹೂವಿಗೆ ನಾರಿನಿಂದ ಏನಾಯಿತು ಎಂದು ಗಾದೆ ಕೇಳುವುದಿಲ್ಲ. ಪಾಠವೂ ಕೇಳುವುದಿಲ್ಲ. ಅಪ್ಪಯ್ಯ ಕೇಳಿದ್ದಾರೆ.

ಈಗ ಹಕ್ಕಿ. ಊರಲ್ಲಿ ಎಲ್ಲ ಬಿಳಿ ಹಕ್ಕಿಗೂ ಬೆಳ್ಳಕ್ಕಿ ಅಥವಾ ಕೊಕ್ಕರೆ ಎನ್ನುವುದುಂಟು. ನೀವು ನೋಡುತ್ತಿರುವುದು ಗೋವಕ್ಕಿ. ಕೊಕ್ಕು ಹಳದಿ, ಕುತ್ತಿಗೆ ಸ್ವಲ್ಪ ಗಿಡ್ಡ, ಮೊಟ್ಟೆಯಿಡುವ ಕಾಲದಲ್ಲಿ ತಲೆ, ಕುತ್ತಿಗೆ, ಬೆನ್ನುಗಳ ಮೇಲೆ ಕಿತ್ತಳೆ ಛಾಯೆ. ಕಪ್ಪು ಕೊಕ್ಕು, ಕಪ್ಪು ಕಾಲು, ಹಳದಿ ಪಾದವಿದ್ದರೆ ಅದು ಸಣ್ಣ ಬೆಳ್ಳಕ್ಕಿ. ಅದಕ್ಕೆ ದನಕ್ಕಿಂತ ನೀರಿನ ಮೇಲೆ ಮೋಹ ಹೆಚ್ಚು.

ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು ಒಂದೇ ಒಂದು ಗೋವಕ್ಕಿಯನ್ನು ನೋಡುತ್ತಾ ಕುಳಿತುಕೊಳ್ಳಿ. ಅದು ಎಮ್ಮೆಯ ಹಿಂದೆ ಇರುವುದು ಕಡಿಮೆ. ಹೆಚ್ಚಾಗಿ ಮುಂಗಾಲಿನ ಪಕ್ಕ, ಮೂತಿಗೆ ಸಮೀಪ ಇರುತ್ತದೆ. ಎಮ್ಮೆ ಹುಲ್ಲಿಗೆ ಬಾಯಿ ಹಾಕಿ ಎಳೆದಾಗ, ಹೆಜ್ಜೆ ಕಿತ್ತಿಟ್ಟಾಗ, ಮಿಡತೆ ಹಾರುತ್ತದೆ, ಚಿಕ್ಕ ಕಪ್ಪೆ ಜಿಗಿಯುತ್ತದೆ, ಜೇಡ ಓಡುತ್ತದೆ. ಹುಲ್ಲಿನ ಬಣ್ಣದಲ್ಲಿ ಕರಗಿಹೋಗಿದ್ದ ಹುಳುವಿಗೆ ಕದಲಿದ ಗಳಿಗೆಯೇ ಕೊನೆಯ ಗಳಿಗೆ. ಹುಡುಕುವ ಕೆಲಸವನ್ನೆಲ್ಲ ಎಮ್ಮೆ ಮಾಡಿಕೊಡುತ್ತದೆ, ಕೊಕ್ಕು ಚಾಚುವುದಷ್ಟೇ ಹಕ್ಕಿಯ ಪಾಲು. ಒಂಟಿಯಾಗಿ ಹುಡುಕುವ ಗೋವಕ್ಕಿಗಿಂತ ದನದ ಪಕ್ಕದ ಗೋವಕ್ಕಿಗೆ ಸುಮಾರು ಮೂರೂವರೆ ಪಟ್ಟು ಹೆಚ್ಚು ಬೇಟೆ ಸಿಗುತ್ತದೆ ಎಂದು ಲೆಕ್ಕ ಹಾಕಿದವರಿದ್ದಾರೆ. ಉಳುವ ಟ್ರ್ಯಾಕ್ಟರ್ ಅಥವಾ ಟಿಲ್ಲರ್ ಹಿಂದೆ ಹೋದರೂ ಹೊಟ್ಟೆ ಅಷ್ಟೇ ತುಂಬುತ್ತದೆ, ಓಡಾಟ ಮಾತ್ರ ಜಾಸ್ತಿ. ಹಾಗಾಗಿ ಹಕ್ಕಿಗೆ ಬೇಕಾದ್ದು ಎಮ್ಮೆಯಲ್ಲ, ಹುಲ್ಲನ್ನು ಕದಲಿಸುವ ಏನಾದರೊಂದು. ಕಬಿನಿ ಹಿನ್ನೀರಿನಲ್ಲಿ ಬೇಸಿಗೆಯಲ್ಲಿ ಆನೆಗಳ ಕಾಲ ಬಳಿ ನಿಲ್ಲುವುದೂ ಇದೇ ಹಕ್ಕಿ.

ಅದರ ಆಯ್ಕೆಯಲ್ಲೂ ಒಂದು ಹದವಿದೆ. ನಿಮಿಷಕ್ಕೆ ಐದರಿಂದ ಹದಿನೈದು ಹೆಜ್ಜೆ ಇಡುವ ಪ್ರಾಣಿ ಅದಕ್ಕೆ ಸರಿ. ಅದಕ್ಕಿಂತ ಬೇಗ ನಡೆದರೆ ಹಕ್ಕಿ ಓಡಿ ಸುಸ್ತಾಗುತ್ತದೆ, ನಿಧಾನವಾದರೆ ಹುಳು ಏಳುವುದಿಲ್ಲ. ಒಳ್ಳೆಯ ಎಮ್ಮೆ ಸಿಕ್ಕಿದ ಹಕ್ಕಿ ಬೇರೆ ಗೋವಕ್ಕಿಗಳನ್ನು ಅದರ ಸುತ್ತ ಸುಳಿಯಲು ಬಿಡುವುದಿಲ್ಲ, ಕೊಕ್ಕು ಮುಂದೆ ಮಾಡಿ ಅಟ್ಟುತ್ತದೆ. ಬಂದವರ ಸಂಖ್ಯೆ ತೀರಾ ಹೆಚ್ಚಾದರೆ ಮಾತ್ರ ಕೈಬಿಡುತ್ತದೆ. ಎಮ್ಮೆಗೆ ಗೊತ್ತಿಲ್ಲದೆಯೇ ಎಮ್ಮೆಗೊಬ್ಬ ಯಜಮಾನ.

ಈಗ ಉಣುಗಿಗೆ ಬರೋಣ. ಹೈನುಗಾರರಾದ ನಿಮಗೆ ಉಣುಗು ದನದ ಮೈಯಲ್ಲಿ ಎಲ್ಲಿ ಕಚ್ಚಿಕೊಳ್ಳುತ್ತದೆ ಎಂದು ನಾನು ಹೇಳಬೇಕಾಗಿಲ್ಲ: ಕಿವಿಯ ಒಳಗೆ, ಗಂಗೆದೊಗಲಿನ ಮಡಿಕೆಯಲ್ಲಿ, ಕೆಚ್ಚಲಿನ ಸಂದಿಯಲ್ಲಿ, ಬಾಲದ ಬುಡದಲ್ಲಿ. ನೆಲದ ಮೇಲೆ ನಿಂತು ಮುಂಗಾಲಿನ ಕಡೆಗೇ ಕಣ್ಣಿಟ್ಟ ಹಕ್ಕಿಗೆ ಇವುಗಳಲ್ಲಿ ಹೆಚ್ಚಿನವು ಎಟುಕುವುದೇ ಇಲ್ಲ. ಗೋವಕ್ಕಿ ಏನು ತಿಂದಿದೆ ಎಂದು ಹೊಟ್ಟೆ ಪರೀಕ್ಷಿಸಿದ ಹೆಚ್ಚಿನ ಕಡೆಗಳಲ್ಲಿ ಮಿಡತೆಯಂಥ ಕೀಟಗಳದ್ದೇ ದೊಡ್ಡ ಪಾಲು. ಉಣುಗು ಸಿಕ್ಕಿದ್ದುಂಟು, ಆದರೆ ಊಟದ ಜೊತೆ ಉಪ್ಪಿನಕಾಯಿಯಷ್ಟು. ದನ ಮಲಗಿ ಮೆಲುಕು ಹಾಕುವಾಗ ಅದರ ಮುಖದ ಮೇಲಿನ ನೊಣವನ್ನು ಗೋವಕ್ಕಿ ಕುಕ್ಕಿ ತೆಗೆಯುವುದನ್ನು ನಾನೇ ನೋಡಿದ್ದೇನೆ. ಅಪ್ಪಯ್ಯನವರೂ ನೋಡಿರಬಹುದು. ಅವರದು ಪೂರ್ತಿ ಕಟ್ಟುಕತೆಯಲ್ಲ.

ದನದ ಬೆನ್ನೇರಿ ಉಣುಗು ಹೆಕ್ಕುವ ಕೆಲಸ ನಮ್ಮಲ್ಲಿ ಹೆಚ್ಚು ಮಾಡುವುದು ಗೊರವಂಕ ಮತ್ತು ಕಾಗೆ. ಬೆನ್ನ ಮೇಲೆ ಕೂರುವ ಇನ್ನೊಂದು ಹಕ್ಕಿ ಕಾಜಾಣ. ಅದು ಮೈಮೇಲಿನ ಹುಳುವಿಗಾಗಿ ಕೂತದ್ದಲ್ಲ, ಎತ್ತರದ ಕೊಂಬೆ ಸಿಕ್ಕಂತೆ ಎಮ್ಮೆಯ ಬೆನ್ನು ಸಿಕ್ಕಿದೆ, ಹಾರುವ ಹುಳುವನ್ನು ಅಲ್ಲಿಂದಲೇ ಹೊಂಚುತ್ತದೆ. ಎಮ್ಮೆಯ ಮೇಲೆ ಮೂರು ಹಕ್ಕಿ ಕೂತಿದ್ದರೆ ಮೂರರ ವ್ಯಾಪಾರವೂ ಬೇರೆ. ಕಾಗೆಯನ್ನಂತೂ ಯಾವ ಪಟ್ಟಿಗೆ ಸೇರಿಸುವುದೋ ಕಷ್ಟ. ಬೆಳಿಗ್ಗೆ ಉಣುಗು ಕಿತ್ತು ಉಪಕಾರ ಮಾಡಿದ ಅದೇ ಕಾಗೆ, ಎತ್ತಿನ ಹೆಗಲ ಮೇಲೆ ನೊಗದ ಹುಣ್ಣು ಕಂಡರೆ ಅದನ್ನೂ ಕುಕ್ಕಿ ದೊಡ್ಡದು ಮಾಡುತ್ತದೆ. ಎತ್ತಿನ ಹುಣ್ಣಿನ ನೋವು ಕಾಗೆಗೇನು ಗೊತ್ತು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಈ ಉಣುಗಿನ ನಂಬಿಕೆ ಬರೀ ನಮ್ಮ ಊರಿನದಲ್ಲ, ಸರ್ಕಾರಗಳೂ ಇಂಥದ್ದನ್ನು ನಂಬಿ ಹಣ ಸುರಿದಿವೆ. ಹವಾಯಿ ದ್ವೀಪಗಳಲ್ಲಿ 1959ರಲ್ಲಿ, ದನಗಳನ್ನು ಕಾಡುವ ನೊಣಗಳನ್ನು ತಿಂದು ಹಾಕಲಿ ಎಂದು ಗೋವಕ್ಕಿಗಳನ್ನು ಫ್ಲಾರಿಡಾದಿಂದ ತಂದು ಬಿಟ್ಟರು. ಹಕ್ಕಿ ಚೆನ್ನಾಗಿಯೇ ಬೇರೂರಿತು. ಆಮೇಲೆ ಅಲ್ಲಿನ ಅಪರೂಪದ ನೀರುಹಕ್ಕಿಗಳ ಮರಿಗಳನ್ನು ನುಂಗತೊಡಗಿತು, ವಿಮಾನ ನಿಲ್ದಾಣಗಳಲ್ಲಿ ಹಿಂಡುಗಟ್ಟಿ ಅಪಾಯ ತಂದಿತು. ಈಗ ಅದನ್ನು ಹತೋಟಿಗೆ ತರಲು ಖರ್ಚು ಮಾಡುತ್ತಿದ್ದಾರೆ. ಕೆರಿಬಿಯನ್ ದ್ವೀಪಗಳ ಕಥೆ ಇನ್ನೂ ವಿಚಿತ್ರ. ಆಫ್ರಿಕಾದಿಂದ ದನಗಳ ಜೊತೆ ಅಲ್ಲಿಗೆ ಬಂದಿದ್ದ ಒಂದು ಜಾತಿಯ ಉಣುಗು ದ್ವೀಪದಿಂದ ದ್ವೀಪಕ್ಕೆ ಹರಡುತ್ತಾ ಹೋಯಿತು. ಯಾರು ಹೊತ್ತು ತಂದರು ಎಂದು ಹುಡುಕಿದಾಗ ಸಂಶಯ ಬಿದ್ದದ್ದು ಗೋವಕ್ಕಿಯ ಮೇಲೆ. ಅದರ ಮೈಮೇಲೆಯೇ ಎಳೆಯ ಉಣುಗುಗಳು ಸಿಕ್ಕಿದವು. ಉಣುಗು ತಿನ್ನುತ್ತದೆ ಎಂದು ನಂಬಿದ ಹಕ್ಕಿಯೇ ಉಣುಗಿಗೆ ವಾಹನವಾಗಿತ್ತು!

ಹಾಗೆಂದು ನಿಮ್ಮ ಬ್ಯಾಣದ ಹಕ್ಕಿಗಳಿಗೆ ಕಲ್ಲು ಹೊಡೆಯಬೇಡಿ. ಆ ದ್ವೀಪಗಳ ಮಾತು ಬೇರೆ, ಇದು ನೂರಾರು ತಲೆಮಾರುಗಳಿಂದ ಇಲ್ಲಿಯೇ ಇರುವ ಹಕ್ಕಿ. ಉಣುಗಿನ ಹತೋಟಿಯನ್ನು ಅದಕ್ಕೆ ವಹಿಸಿ ಕೂರಬೇಡಿ ಎನ್ನುವುದಷ್ಟೇ ನನ್ನ ಮಾತು. ದನದಲ್ಲಿ ಸಾಮಾನ್ಯವಾಗಿ ಕಾಣುವ ಉಣುಗಿನ ಹೆಣ್ಣು ರಕ್ತ ಕುಡಿದು ಕಳಚಿ ಬಿದ್ದು ನೆಲದಲ್ಲಿ ಸಾವಿರಗಟ್ಟಲೆ ಮೊಟ್ಟೆಯಿಡುತ್ತದೆ. ಥೈಲೇರಿಯಾ, ಬೆಬೇಸಿಯಾದಂಥ ಜ್ವರಗಳನ್ನು ಹರಡುವುದೂ ಉಣುಗುಗಳೇ. ಔಷಧಿಯ ಪ್ರಮಾಣವನ್ನು ಪಶುವೈದ್ಯರನ್ನು ಕೇಳಿಯೇ ನಿರ್ಧರಿಸಿ, ಕೊಟ್ಟಿಗೆಯ ಗೋಡೆಯ ಬಿರುಕುಗಳನ್ನು ಮುಚ್ಚಿಸಿ. ಹಕ್ಕಿಯ ಸಹಾಯವೇ ಬೇಕೆಂದಿದ್ದರೆ ಕೊಟ್ಟಿಗೆಯ ಸುತ್ತ ನಾಲ್ಕು ನಾಟಿ ಕೋಳಿ ಬಿಡಿ. ಕೀನ್ಯಾದಲ್ಲಿ ದನಗಳ ನಡುವೆ ಮೇಯಲು ಬಿಟ್ಟ ಕೋಳಿಗಳ ಹೊಟ್ಟೆ ನೋಡಿದಾಗ ಹತ್ತಾರು ಉಣುಗುಗಳು ಸಿಕ್ಕಿದ್ದವು. ಕೋಳಿಗೆ ಮಿಡತೆಯ ಹಠವಿಲ್ಲ, ಕಂಡದ್ದನ್ನು ತಿನ್ನುತ್ತದೆ.

ಇಲ್ಲೊಂದು ಗೊಂದಲ ಬಿಡಿಸಬೇಕು. ಖಡ್ಗಮೃಗ, ಜಿರಾಫೆಗಳ ಮೈಗೆ ಅಂಟಿಕೊಂಡಂತೆ ಕೂತ ಹಕ್ಕಿಯ ಚಿತ್ರಗಳು ಮೊಬೈಲ್‌ನಲ್ಲಿ ಓಡಾಡುತ್ತವೆಯಲ್ಲ, ಅದು ಆಕ್ಸ್‌ಪೆಕರ್, ಆಫ್ರಿಕಾದ ಹಕ್ಕಿ. ನಮ್ಮಲ್ಲಿ ಇಲ್ಲ. ಅದು ನಿಜಕ್ಕೂ ಉಣುಗು ತಿನ್ನುವ ಹಕ್ಕಿ, ಪರಸ್ಪರ ಲಾಭದ ಸಂಬಂಧಕ್ಕೆ ಎಲ್ಲರೂ ಕೊಡುತ್ತಿದ್ದ ಉದಾಹರಣೆ. ಪಾಲ್ ವೀಕ್ಸ್ ಎಂಬ ಸಂಶೋಧಕರು ಜಿಂಬಾಬ್ವೆಯಲ್ಲಿ ಎತ್ತುಗಳ ಒಂದು ಗುಂಪಿನ ಬಳಿಗೆ ಈ ಹಕ್ಕಿಗಳನ್ನು ಬಿಡದೆ, ಇನ್ನೊಂದು ಗುಂಪಿನ ಬಳಿಗೆ ಬಿಟ್ಟು ಹೋಲಿಸಿದರು. 2000ನೇ ಇಸವಿಯಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಹಲವರ ಹುಬ್ಬೇರಿಸಿತು. ಎರಡೂ ಗುಂಪಿನಲ್ಲಿ ಬಲಿತ ಉಣುಗುಗಳ ಸಂಖ್ಯೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಹಕ್ಕಿ ಬಂದ ಗುಂಪಿನಲ್ಲಿ ಮಾತ್ರ ಗಾಯಗಳು ಬೇಗ ಮಾಯಲಿಲ್ಲ, ಏಕೆಂದರೆ ಹಕ್ಕಿ ಗಾಯವನ್ನು ಕೆದಕಿ ರಕ್ತ ಕುಡಿಯುತ್ತಿತ್ತು. ನಮ್ಮ ಕಾಗೆಯದೇ ಬುದ್ಧಿ. ಅಲ್ಲಿಗೆ ಆಕ್ಸ್‌ಪೆಕರ್ ಖಳನಾಯಕ ಎಂದು ತೀರ್ಮಾನವಾಯಿತೇ? ಇಲ್ಲ. 2020ರಲ್ಲಿ ದಕ್ಷಿಣ ಆಫ್ರಿಕಾದ ಕಪ್ಪು ಖಡ್ಗಮೃಗಗಳ ಮೇಲೆ ನಡೆದ ಅಧ್ಯಯನವೊಂದು ಹೊರಬಂತು. ಖಡ್ಗಮೃಗಕ್ಕೆ ಕಣ್ಣು ಮಂದ. ಹಕ್ಕಿಯಿಲ್ಲದ ಖಡ್ಗಮೃಗಗಳು ಹತ್ತಿರ ಬಂದ ಮನುಷ್ಯನನ್ನು ಗುರುತಿಸಿದ್ದು ನೂರಕ್ಕೆ 23 ಸಲ ಮಾತ್ರ. ಹಕ್ಕಿ ಹೊತ್ತವು, ಅದರ ಎಚ್ಚರಿಕೆಯ ಕೂಗು ಕೇಳಿ, ಪ್ರತಿ ಸಲವೂ ಗುರುತಿಸಿದವು. ಸ್ವಾಹಿಲಿ ಭಾಷೆಯಲ್ಲಿ ಈ ಹಕ್ಕಿಗೆ ಖಡ್ಗಮೃಗದ ಕಾವಲುಗಾರ ಎಂಬ ಅರ್ಥದ ಹೆಸರು ಮೊದಲಿನಿಂದಲೂ ಇತ್ತು. ಒಂದೇ ಹಕ್ಕಿ, ಸಾಕಿದ ಎತ್ತಿನ ಮೇಲೆ ರಕ್ತ ಹೀರುವ ಕಳ್ಳ, ಬೇಟೆಗಾರರಿರುವ ಕಾಡಿನಲ್ಲಿ ಕಾವಲುಗಾರ.

ಅಪ್ಪಯ್ಯನವರ ಪ್ರಶ್ನೆಯ ತೂಕ ಇರುವುದು ಇಲ್ಲಿಯೇ. ಪಾಠದಲ್ಲಿ ಸಂಬಂಧಗಳನ್ನು ಕೂಡು, ಕಳೆ, ಸೊನ್ನೆಗಳಲ್ಲಿ ಬರೆದಿರುತ್ತಾರೆ. ಇಬ್ಬರಿಗೂ ಕೂಡು ಆದರೆ ಸಹಕಾರ. ಒಬ್ಬರಿಗೆ ಕೂಡು ಇನ್ನೊಬ್ಬರಿಗೆ ಕಳೆ ಆದರೆ ಪರಾವಲಂಬನೆ ಅಥವಾ ಬೇಟೆ. ಒಬ್ಬರಿಗೆ ಕೂಡು ಇನ್ನೊಬ್ಬರಿಗೆ ಸೊನ್ನೆ ಆದರೆ ಸಹಭೋಜಿತ್ವ. ಕೂಡು, ಕಳೆಗಳನ್ನು ಅಳೆದು ತೋರಿಸಬಹುದು. ಸೊನ್ನೆಯನ್ನು ತೋರಿಸುವುದು ಹೇಗೆ? ಎಮ್ಮೆಗೆ ಏನೂ ಆಗಲಿಲ್ಲ ಎನ್ನಬೇಕಾದರೆ ಹಾಲು, ತೂಕ, ಉಣುಗು, ನೊಣ, ಎಚ್ಚರ ಎಲ್ಲವನ್ನೂ ಅಳೆದು ನೋಡಿರಬೇಕು. ಗೋವಕ್ಕಿ ತಿಂದ ಮಿಡತೆಗಳು ಬದುಕಿದ್ದರೆ ಎಮ್ಮೆಯ ಹುಲ್ಲನ್ನೇ ತಿನ್ನುತ್ತಿದ್ದವು, ಆ ಲೆಕ್ಕವನ್ನೂ ಬರೆಯಬೇಕು. ವಾಸ್ತವದಲ್ಲಿ ಹಕ್ಕಿಯ ಬೇಟೆಯನ್ನು ಎಣಿಸಿದವರು ಬೇಕಾದಷ್ಟು ಜನ ಇದ್ದಾರೆ, ಎಮ್ಮೆಯ ಕಡೆ ತಿರುಗಿ ನೋಡಿದವರು ಕಡಿಮೆ. ಅಂಗಡಿಯ ಖಾತೆ ಪುಸ್ತಕದಲ್ಲಿ ಬರೆಯದೆ ಬಿಟ್ಟ ಅಂಕಣಕ್ಕೂ ಸೊನ್ನೆ ಬರೆದ ಅಂಕಣಕ್ಕೂ ವ್ಯತ್ಯಾಸವಿದೆ. ಸಹಭೋಜಿತ್ವ ಎಂದು ನಾವು ಕರೆಯುವ ಎಷ್ಟೋ ಸಂಬಂಧಗಳಲ್ಲಿ ಇರುವುದು ಬರೆಯದೆ ಬಿಟ್ಟ ಅಂಕಣ.

ಬರೆದು ನೋಡಿದಾಗ ಏನಾಗುತ್ತದೆ ಎನ್ನುವುದಕ್ಕೆ ಪನಾಮಾದ ಕಾಡಿನ ದಂಡಿರುವೆಗಳೇ ಸಾಕ್ಷಿ. ಇವು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ನೆಲದ ಮೇಲೆ ದಂಡೆತ್ತಿ ಹೋಗುತ್ತವೆ. ಹೆದರಿ ಎದ್ದ ಜಿರಳೆ, ಮಿಡತೆ, ಜೇಡಗಳನ್ನು ಹಿಡಿಯಲು ಹಕ್ಕಿಗಳ ಗುಂಪೊಂದು ದಂಡಿನ ಮುಂದೆಯೇ ಕಾದಿರುತ್ತದೆ. ನಮ್ಮ ಎಮ್ಮೆ ಗೋವಕ್ಕಿಯದೇ ನಾಟಕ, ಪಾತ್ರಗಳು ಬೇರೆ. ದಶಕಗಳ ಕಾಲ ಇದೂ ಸಹಭೋಜಿತ್ವದ ಪಟ್ಟಿಯಲ್ಲಿಯೇ ಇತ್ತು. ಬಾರೊ ಕೊಲೊರಾಡೊ ದ್ವೀಪದಲ್ಲಿ ಹಕ್ಕಿಗಳನ್ನು ದೂರವಿಟ್ಟು ಇರುವೆಗಳ ಸಂಪಾದನೆ ಅಳೆದಾಗ, ಹಕ್ಕಿಗಳು ತಿನ್ನುತ್ತಿದ್ದುದರಲ್ಲಿ ಗಣನೀಯ ಭಾಗ ಇರುವೆಗಳ ಬಾಯಿಗೆ ಬರಬೇಕಾದದ್ದು ಎಂದು ತಿಳಿಯಿತು. 2005ರಲ್ಲಿ ಈ ಫಲಿತಾಂಶ ಬಂದ ಮೇಲೆ ಆ ಹಕ್ಕಿಗಳನ್ನು ಅತಿಥಿಗಳೆನ್ನುವುದು ಕಷ್ಟ. ಇರುವೆ ಮತ್ತು ಹಕ್ಕಿ ಎರಡಕ್ಕೂ ಬೇಕಾದದ್ದು ಅದೇ ಹುಳು. ನಿಮ್ಮ ಎಮ್ಮೆಗೆ ಮಿಡತೆ ಬೇಕಿಲ್ಲ. ನಿಮ್ಮ ಬ್ಯಾಣದ ಸಂಬಂಧವನ್ನು ನಾನು ಈಗಲೂ ಹೆಚ್ಚುಕಡಿಮೆ ಸೊನ್ನೆಯ ಹತ್ತಿರವೇ ಇಡುವುದು ಈ ಕಾರಣಕ್ಕೆ. ನೊಣಗಳ ಕಾಲದಲ್ಲಿ ಕೂಡಿನ ಕಡೆಗೆ ಒಂದಿಷ್ಟು ವಾಲೀತು. ಎಮ್ಮೆ ಸುಮ್ಮನೆ ನಿಲ್ಲುವುದು ಕೃತಜ್ಞತೆಯಿಂದಲ್ಲ. ಹಕ್ಕಿಯಿಂದ ಅದಕ್ಕೆ ಬಾಧೆಯಿಲ್ಲ, ಓಡಿಸುವ ಶ್ರಮ ಯಾಕೆ ಎಂಬ ಎಮ್ಮೆತನ ಅಷ್ಟೇ.

ಅದೇ ಪಾಠದಲ್ಲಿ ಇನ್ನೆರಡು ಉದಾಹರಣೆಗಳಿವೆ, ಬೇಗ ಹೇಳಿ ಮುಗಿಸುತ್ತೇನೆ. ತಿಮಿಂಗಿಲದ ಚರ್ಮದ ಮೇಲೆ ನೆಲೆಸುವ ಬಾರ್ನಕಲ್ ಎಂಬ ಚಿಪ್ಪಿನ ಪ್ರಾಣಿ ತಿಮಿಂಗಿಲವನ್ನು ತಿನ್ನುವುದಿಲ್ಲ, ಹರಿಯುವ ನೀರನ್ನು ಸೋಸಿ ಉಣ್ಣುತ್ತದೆ. ಸವಾರಿ ಪುಕ್ಕಟೆ. ಭಾರ ಹೊತ್ತು ಈಜುವ ತಿಮಿಂಗಿಲಕ್ಕೆ ನೀರಿನ ತಡೆ ಸ್ವಲ್ಪ ಹೆಚ್ಚುತ್ತದೆ. ಗಂಡುಗಳು ಕಾದಾಡುವಾಗ ಆ ಒರಟು ಚಿಪ್ಪುಗಳೇ ಆಯುಧವಾಗುತ್ತವೆ ಎಂಬ ಊಹೆಯೂ ಇದೆ. ಇದನ್ನು ಸೊನ್ನೆ ಎಂದರೆ ನನ್ನ ತಕರಾರಿಲ್ಲ. ಇನ್ನೊಂದು, ಕ್ಲೌನ್ ಮೀನು ಮತ್ತು ಸಮುದ್ರ ಹೂವಿನದು (ಹೆಸರು ಹೂವಾದರೂ ಇದು ಸೀ ಅನಿಮೋನ್ ಎಂಬ ಪ್ರಾಣಿ). ಮೀನಿಗೆ ಸಮುದ್ರ ಹೂವಿನ ಕುಟುಕುವ ಎಳೆಗಳ ನಡುವೆ ರಕ್ಷಣೆ ಸಿಗುತ್ತದೆ ಎನ್ನುವಷ್ಟಕ್ಕೆ ಪಾಠ ನಿಲ್ಲುತ್ತದೆ. ಆದರೆ ಆ ಎಳೆಗಳನ್ನು ಕಚ್ಚಿ ತಿನ್ನಲು ಬರುವ ಮೀನುಗಳನ್ನು ಕ್ಲೌನ್ ಮೀನು ಅಟ್ಟಿ ಓಡಿಸುತ್ತದೆ. ಅದರ ವಿಸರ್ಜನೆಯ ಅಮೋನಿಯಾ ಸಮುದ್ರ ಹೂವಿನೊಳಗೆ ಬದುಕುವ ಸೂಕ್ಷ್ಮ ಪಾಚಿಗಳಿಗೆ ಗೊಬ್ಬರ. ಇದು ಇಬ್ಬರಿಗೂ ಲಾಭವಿರುವ ಸಂಬಂಧ ಎನ್ನುವುದರಲ್ಲಿ ಈಗ ಅನುಮಾನವಿಲ್ಲ, ಪಾಠ ತಿದ್ದಬೇಕಾದ ಜಾಗವಿದು.

ನಿಮ್ಮ ಮಾವಿನ ಮರದ ವಿಷಯದಲ್ಲಿ ಮಾತ್ರ ಅವಸರ ಮಾಡಬೇಡಿ. ‘ಬೆಳೆದಿರುವುದನ್ನೆಲ್ಲ’ ಎಂದು ಬರೆದಿದ್ದೀರಿ. ಮಲೆನಾಡಿನ ಹಳೆಯ ಮಾವಿನ ಮೇಲೆ ಎರಡು ಬಗೆಯ ಬಾಡಿಗೆದಾರರು ಇರುತ್ತಾರೆ, ಒಬ್ಬರು ಸಾಧುಗಳು, ಇನ್ನೊಬ್ಬರು ಮನೆಯನ್ನೇ ನುಂಗುವವರು. ಸೀತಾಳೆ ದಂಡೆಯಂಥ ಆರ್ಕಿಡ್ ಆಗಿದ್ದರೆ ದಪ್ಪನೆಯ ಬಿಳಿ ಬೇರುಗಳು ತೊಗಟೆಯ ಮೇಲ್ಮೈಯಲ್ಲಿ ಹರಿದಿರುತ್ತವೆ, ಕೆಲವು ಗಾಳಿಯಲ್ಲಿ ಜೋತಾಡುತ್ತಿರುತ್ತವೆ. ಅವು ಮರದ ಒಳಗೆ ಹೋಗುವುದಿಲ್ಲ. ಮಳೆಯ ನೀರು, ಎಲೆಯ ಕಸ, ಧೂಳು ಇಷ್ಟೇ ಅವುಗಳ ಜೀವನ. ಗದ್ದೆಯಂಚಿನ ಹಾಲವಾಣದ ಮೇಲೆ ಮೆಣಸಿನ ಬಳ್ಳಿ ಹಬ್ಬಿದ್ದಕ್ಕೆ ಯಾರಾದರೂ ಪರಾವಲಂಬಿ ಎನ್ನುತ್ತಾರೆಯೇ? ಇದೂ ಹಾಗೆಯೇ ಆಸರೆ, ನೆಲದಲ್ಲಿ ಬೇರಿಲ್ಲ ಎನ್ನುವುದಷ್ಟೇ ವ್ಯತ್ಯಾಸ. ಬಂದಳಿಕೆ ಹಾಗಲ್ಲ. ಅದು ಕೊಂಬೆಗೆ ಕೂಡುವ ಜಾಗದಲ್ಲಿ ಗಂಟಿನಂತೆ ಊದಿರುತ್ತದೆ, ಏಕೆಂದರೆ ಅದರ ಬೇರು ಕೊಂಬೆಯ ಒಳಗಿಳಿದು ಮರದ ನೀರು, ಲವಣಗಳನ್ನು ಹೀರುತ್ತಿರುತ್ತದೆ. ಎಲೆ ಹಸಿರೇ, ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತದೆ, ನೀರು ಮಾತ್ರ ಪರರದ್ದು. ಗಂಟಿನಿಂದಾಚೆಗಿನ ಮಾವಿನ ಕೊಂಬೆ ವರ್ಷದಿಂದ ವರ್ಷಕ್ಕೆ ಸೊರಗಿ ಒಣಗುವುದನ್ನು ನೀವು ನೋಡಿರುತ್ತೀರಿ. ಇದರ ಅಂಟು ಬೀಜವನ್ನು ಹಣ್ಣು ತಿಂದ ಪುಟ್ಟ ಹಕ್ಕಿಗಳು ಕೊಂಬೆಯಿಂದ ಕೊಂಬೆಗೆ ಒರಸಿ ಹೋಗುತ್ತವೆ. ಬಂದಳಿಕೆಯನ್ನು ಕಡ್ಡಾಯವಾಗಿ ತೆಗೆಸಿ. ಗಿಡ ಕಿತ್ತರೆ ಸಾಲದು, ಗಂಟು ಉಳಿದರೆ ಮತ್ತೆ ಚಿಗುರುತ್ತದೆ. ಗಂಟಿಗಿಂತ ಬುಡದ ಕಡೆಗೆ ಒಂದಿಷ್ಟು ಬಿಟ್ಟು ಕೊಂಬೆಯನ್ನೇ ಕಡಿಸಬೇಕು.

ಸಾಧು ಎಂದ ಆರ್ಕಿಡ್‌ಗೂ ಪೂರ್ತಿ ಸೊನ್ನೆ ಹಾಕುವ ಹಾಗಿಲ್ಲ. ಮಳೆಗಾಲದಲ್ಲಿ ಪಾಚಿ, ಜರೀಗಿಡ, ಆರ್ಕಿಡ್ ಎಲ್ಲ ಸೇರಿ ನೀರು ಕುಡಿದ ಹಾಸು ಸಾಕಷ್ಟು ತೂಗುತ್ತದೆ, ಒಣಕಲು ಕೊಂಬೆ ಮುರಿದು ಬೀಳಬಹುದು. ಮಳೆಯಲ್ಲಿ ಇಳಿದು ಮರದ ಬುಡಕ್ಕೆ ಸೇರಬೇಕಾದ ಪೋಷಕಾಂಶಗಳನ್ನು ಇವು ಮೇಲೆಯೇ ತಡೆದು ಇಟ್ಟುಕೊಳ್ಳುತ್ತವೆ ಎಂಬ ಆಕ್ಷೇಪವೂ ಇದೆ. ಆದರೆ ಮರಗಳೂ ಪೆದ್ದರಲ್ಲ. ಭಾರತೀಯ ಮೂಲದ ಅಮೆರಿಕದ ಪರಿಸರ ವಿಜ್ಞಾನಿ ನಳಿನಿ ನಾಡಕರ್ಣಿ ಹಗ್ಗ ಕಟ್ಟಿಕೊಂಡು ಮರದ ನೆತ್ತಿ ಹತ್ತಿ, ಕೊಂಬೆಗಳ ಮೇಲಿನ ಈ ಹಾಸನ್ನು ಎತ್ತಿ ನೋಡಿದರು. ಕೆಲವು ಜಾತಿಯ ಮರಗಳು ತಮ್ಮ ಕೊಂಬೆಯಿಂದಲೇ ಬೇರು ಬಿಟ್ಟು, ಬಾಡಿಗೆದಾರರು ಕೂಡಿಟ್ಟ ಮಣ್ಣಿನಿಂದ ಸಾರ ಹೀರುತ್ತಿರುವುದು ಅವರಿಗೆ ಕಂಡಿತು. 1981ರಲ್ಲಿ ಅವರು ಅದನ್ನು ಪ್ರಕಟಿಸುವವರೆಗೆ ಕೆಳಗೆ ನಿಂತು ಕತ್ತೆತ್ತಿ ನೋಡಿದವರಿಗೆ ಅದು ಕಾಣುವಂತಿರಲಿಲ್ಲ. ಮಾವು ಹಾಗೆ ಮಾಡುತ್ತದೆ ಎಂದು ನಾನು ಹೇಳುತ್ತಿಲ್ಲ. ನಿಮ್ಮ ಸೀತಾಳೆಯನ್ನು ಬಿಡಿ. ಮಳೆ ಹಿಡಿಯುವ ಹೊತ್ತಿಗೆ ದಂಡೆ ದಂಡೆಯಾಗಿ ಹೂ ಬಿಡುತ್ತದೆ. ಮನೆಯ ಹೆಂಚಿನ ಮೇಲೆ ಚಾಚಿದ ಒಣಕೊಂಬೆಯಲ್ಲಿ ಇದ್ದರೆ ಮಾತ್ರ ಮೆಲ್ಲಗೆ ಬಿಡಿಸಿ ಇನ್ನೊಂದು ಗಟ್ಟಿ ಕೊಂಬೆಗೆ ತೆಂಗಿನ ನಾರಿನಿಂದ ಕಟ್ಟಿ.

ಅಪ್ಪಯ್ಯನವರಿಗೆ ಒಂದು ಸಮಾಧಾನ. ಲಾಭವಿಲ್ಲದೆಯೂ ಹತ್ತಿರ ಬಿಟ್ಟುಕೊಳ್ಳುವುದನ್ನು ನೋಡಲು ಬ್ಯಾಣಕ್ಕೆ ಹೋಗಬೇಕಾಗಿಯೇ ಇಲ್ಲ. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಿತು ಎನ್ನುತ್ತೇವೆ. ಕುಟ್ರುಹಕ್ಕಿ ಕೊರೆದು ಬಿಟ್ಟ ಪೊಟರೆಯಲ್ಲಿ ಮುಂದಿನ ವರ್ಷ ಬೇರೊಂದು ಹಕ್ಕಿ ಮೊಟ್ಟೆಯಿಡುತ್ತದೆ. ಬಿಟ್ಟುಹೋದ ಪೊಟರೆಯಾದರೆ ಅದು ಸಹಭೋಜಿತ್ವದ ಜಾತಿಗೇ ಸೇರಿದ ಆಶ್ರಯ. ಗೊರವಂಕ ಕೆಲವೊಮ್ಮೆ ಮಾಡುವಂತೆ ಒಳಗಿದ್ದವರನ್ನು ಹೊರದಬ್ಬಿ ಸೇರಿಕೊಂಡರೆ ದರೋಡೆ. ಇನ್ನು ನಮ್ಮ ಅಟ್ಟದ ಇಲಿಯ ಪೂರ್ವಿಕರು ಮನುಷ್ಯನ ಜೊತೆ ಸೇರಿಕೊಂಡದ್ದು ಕೃಷಿ ಶುರುವಾಗುವುದಕ್ಕೂ ಮೊದಲು. ಪಶ್ಚಿಮ ಏಷ್ಯಾದ ಪ್ರಾಚೀನ ನೆಲೆಗಳಲ್ಲಿ ಸಿಕ್ಕ ಇಲಿಯ ಹಲ್ಲುಗಳನ್ನು ಪರಿಶೀಲಿಸಿ 2017ರಲ್ಲಿ ಸಂಶೋಧಕರು ಹೇಳಿದ ಕಾಲ ಸುಮಾರು 15,000 ವರ್ಷ. ಬೇಟೆಯಾಡಿ ಬದುಕುತ್ತಿದ್ದ ಜನ ಒಂದೆಡೆ ನೆಲೆನಿಂತ ಕೂಡಲೇ ಇಲಿಯೂ ನಿಂತಿತು. ಅದನ್ನೂ ವಿಜ್ಞಾನಿಗಳು ಸಹಭೋಜಿ ಎಂದೇ ಕರೆಯುತ್ತಾರೆ. ಪಣತದ (ಕಣಜದ) ಭತ್ತಕ್ಕೆ ಇಲಿ ಬಿದ್ದ ಮನೆಯವರು ಆ ಪದಕ್ಕೆ ಏನೆನ್ನುತ್ತಾರೋ!

ಕೊನೆಯದಾಗಿ ನಿಮ್ಮ ಮಗಳಿಗೆ ಒಂದು ಕೆಲಸ. ಪರೀಕ್ಷೆ ಮುಗಿದ ಮೇಲೆ ಒಂದು ನೋಟ್‌ಬುಕ್, ಒಂದು ಗಡಿಯಾರ ಹಿಡಿದು ಬ್ಯಾಣಕ್ಕೆ ಹೋಗಲಿ. ಎಮ್ಮೆಯ ಪಕ್ಕದ ಒಂದು ಗೋವಕ್ಕಿಯನ್ನು ಐದು ನಿಮಿಷ ನೋಡಿ, ಎಷ್ಟು ಹೆಜ್ಜೆ ಇಟ್ಟಿತು, ಎಷ್ಟು ಸಲ ಕುಕ್ಕಿತು, ಎಷ್ಟು ಸಲ ನುಂಗಿತು ಎಂದು ಬರೆದುಕೊಳ್ಳಲಿ. ಬಳಿಕ ದನಗಳಿಂದ ದೂರದಲ್ಲಿರುವ ಒಂದು ಗೋವಕ್ಕಿಗೂ ಹಾಗೆಯೇ. ಇಂಥ ಇಪ್ಪತ್ತು ಜೋಡಿ ಲೆಕ್ಕ ಆಗುವ ಹೊತ್ತಿಗೆ ಹಕ್ಕಿಯ ಕಡೆಯ ಅಂಕಣ ತುಂಬುತ್ತದೆ. ಎಮ್ಮೆಯ ಕಡೆಯ ಅಂಕಣವನ್ನು ಅಪ್ಪಯ್ಯನವರಿಗೆ ವಹಿಸಿ: ಹಕ್ಕಿ ಎಮ್ಮೆಯ ಮೈಗೆ ಕೊಕ್ಕು ತಾಗಿಸಿದ್ದು ಎಷ್ಟು ಸಲ, ಕಿತ್ತದ್ದು ನೊಣವೋ ಉಣುಗೋ, ಎಮ್ಮೆ ಬಾಲ ಬೀಸಿ ಓಡಿಸಿದ್ದು ಎಷ್ಟು ಸಲ. ಇಬ್ಬರೂ ಒಬ್ಬರ ಲೆಕ್ಕವನ್ನು ಒಬ್ಬರು ಮೊದಲೇ ನೋಡಿಕೊಳ್ಳಬಾರದು. ಎಣಿಸುವಾಗ ಎಮ್ಮೆ ಮಲಗಿಬಿಟ್ಟರೆ ಮೇಯುವಾಗಿನ ಲೆಕ್ಕವನ್ನು ಅಲ್ಲಿಗೇ ನಿಲ್ಲಿಸಿ, ಬೇರೆ ಹಾಳೆ ತೆಗೆದುಕೊಳ್ಳಿ. ಅಷ್ಟರಲ್ಲಿ ಹೆಚ್ಚಿನ ಹಕ್ಕಿಗಳು ಪಕ್ಕದ ಮನೆಯ ದನದ ಕಡೆ ಹೋಗಿರುತ್ತವೆ. ಉಳಿದುಕೊಂಡದ್ದು ಏನು ಮಾಡುತ್ತದೆ ಎಂದು ಅಪ್ಪಯ್ಯ ನೋಡಲಿ.